ಹೊಸೂರು ಸೀಮೆಯ ಸಣ್ಣ ಗಾಡಿ: ಮನೆಯಂಗಳದ ಪಾಲನೆ, ಮಾರ್ಪಾಟಿನ ಮಿತಿ

ಗುಮ್ಮಳಾಪುರವೆಂದೊಡನೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವವರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಒಬ್ಬರಾದ ಸಿದ್ಧಲಿಂಗಯತಿಗಳು. ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿ, ಕರ್ನಾಟಕದ ಗಡಿಗೆ ಆತುಕೊಂಡಂತಿರುವ ಈ ಊರಿನಲ್ಲಿಯೂ ಸುತ್ತಲ ತಳಿ, ಜವಳಗಿರಿ, ಡೆಂಕಣಿಕೋಟೆಗಳಲ್ಲಿಯೂ ಮುಂಜಾನೆಯ ಸದ್ದುಗಳಲ್ಲಿ ಸಣ್ಣ ಇಂಜಿನ್ನಿನದು ತಪ್ಪದೆ ಇರುತ್ತದೆ. ಹಾಲಿನ ಕ್ಯಾನು, ಗುಲಾಬಿಯ ಕಟ್ಟು, ಟೊಮೆಟೊ ತುಂಬಿದ ಕ್ರೇಟು, ಕಾಲೇಜಿಗೆ ಹೊರಟ ವಿದ್ಯಾರ್ಥಿ, ಎಲ್ಲವನ್ನೂ ಹೊರುವುದು ಅದೇ. ಕನ್ನಡದ ಮನೆಯಲ್ಲಿ ಅದು ‘ಗಾಡಿ’, ತಮಿಳಿನ ಅಂಗಡಿಯಲ್ಲಿ ‘ವಂಡಿ’, ತೆಲುಗು ಮಾತಿನಲ್ಲಿ ‘ಬಂಡಿ’. ಹೆಸರು ಮೂರಾದರೂ ಅದರ ಕಷ್ಟಸುಖ ಒಂದೇ.

ಈ ಸೀಮೆಗೂ ಸಣ್ಣ ಗಾಡಿಗೂ ಇರುವ ನಂಟು ಆಕಸ್ಮಿಕವಲ್ಲ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದಲೇ ‘ಟಿವಿಎಸ್ 50’ ಎಂಬ ಮೊಪೆಡ್ ಹೊರಬಂದಿತು. ಇಬ್ಬರು ಕುಳಿತು ಸಾಗಬಹುದಾದ ಆ ಹಗುರ ವಾಹನದ ಇಂಜಿನ್ನಿನ ಗಾತ್ರ ಸುಮಾರು 50 ಸಿಸಿ. ಅದರ ಪೀಳಿಗೆಯಲ್ಲಿಯೇ ಮುಂದೆ 69.9 ಸಿಸಿಯ ‘ಎಕ್ಸ್ಎಲ್ ಸೂಪರ್’ ಬಂದಿತು. 2015ರಲ್ಲಿ 99.7 ಸಿಸಿಯ ‘ಎಕ್ಸ್ಎಲ್ 100’ ಬಂದಿತು. ಇವುಗಳ ಜೊತೆಗೆ ಬೆಲ್ಟಿನಿಂದ ಓಡುವ ಹಗುರ ಸ್ಕೂಟರುಗಳೂ ಮನೆಮನೆಯನ್ನು ಸೇರಿವೆ.

ಗಾಡಿ ಕೆಟ್ಟರೆ ಮೆಕ್ಯಾನಿಕ್ ಇದ್ದಾನೆ ಎಂಬ ಮಾತು ಪಟ್ಟಣದಲ್ಲಿ ಸಲ್ಲುತ್ತದೆ. ಹಳ್ಳಿಯಲ್ಲಿ ಹಾಗಲ್ಲ. ಹಾಲು ಡೈರಿಗೆ ಹೊತ್ತಿಗೆ ಸರಿಯಾಗಿ ಸೇರದಿದ್ದರೆ ಆ ಹೊತ್ತಿನ ದುಡಿಮೆ ವ್ಯರ್ಥ. ಜವಳಗಿರಿಯ ಕಾಡಂಚಿನ ರಸ್ತೆಗಳು ಆನೆಗಳು ಅಡ್ಡಹಾಯುವ ರಸ್ತೆಗಳು. ರಾಗಿಯ ಹೊಲ ಮಾಗುವ ಕಾಲದಲ್ಲಿ ಅವು ಹೊಲಕ್ಕೂ ಇಳಿಯುತ್ತವೆ. ಮುಸ್ಸಂಜೆಯಲ್ಲಿ ಅಂತಹ ರಸ್ತೆಯ ನಡುವೆ ಇಂಜಿನ್ ನಿಂತುಹೋಗುವುದು ಬರಿಯ ಅನನುಕೂಲವಲ್ಲ, ಅಪಾಯ. ಆದುದರಿಂದ ಮನೆಯಂಗಳದಲ್ಲಿ ತಿಂಗಳಿಗೆ ಒಂದೆರಡು ಗಂಟೆ ಗಾಡಿಗಾಗಿ ಮೀಸಲಿಡುವುದು ಸವಾರನ ಸುರಕ್ಷೆಗೂ ಸಂಪಾದನೆಗೂ ಸಂಬಂಧಿಸಿದ ವಿಷಯ.

ಎರಡು ಬಗೆಯ ಇಂಜಿನ್, ಎರಡು ಬಗೆಯ ಎಣ್ಣೆ

ಪಾಲನೆಗೆ ಕೈಹಾಕುವ ಮೊದಲು ತಿಳಿಯಬೇಕಾದುದು ತನ್ನ ಗಾಡಿಯ ಇಂಜಿನ್ ಟೂ ಸ್ಟ್ರೋಕ್‌ದೋ ಫೋರ್ ಸ್ಟ್ರೋಕ್‌ದೋ ಎಂಬುದು. ಟಿವಿಎಸ್ 50, ಎಕ್ಸ್ಎಲ್ ಸೂಪರ್ ಮೊದಲಾದ ಹಳೆಯ ಗಾಡಿಗಳು ಟೂ ಸ್ಟ್ರೋಕ್. ಇವುಗಳಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಸಿಲಿಂಡರನ್ನು ಸೇರುವ ಮುನ್ನ ಕ್ರ್ಯಾಂಕ್ ಇರುವ ಕೋಣೆಯ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಎಣ್ಣೆಯನ್ನು ಬೇರೆಯಾಗಿ ತುಂಬಿಡಲು ಸ್ಥಳವಿಲ್ಲ. ಆದಕಾರಣ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸುವ ಪದ್ಧತಿ ಬಂದಿತು. ಸಾಮಾನ್ಯವಾಗಿ ಲೀಟರಿಗೆ 20 ಮಿಲಿಲೀಟರ್, ಅಂದರೆ ಐವತ್ತಕ್ಕೆ ಒಂದು ಪಾಲು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಹೊಗೆ ಏಳುತ್ತದೆ, ಪ್ಲಗ್ ಮಸಿಹಿಡಿಯುತ್ತದೆ, ಸೈಲೆನ್ಸರಿನೊಳಗೆ ಕಿಟ್ಟ ಕಟ್ಟುತ್ತದೆ.

ಎಕ್ಸ್ಎಲ್ 100 ಹಾಗೂ ಇಂದಿನ ಸ್ಕೂಟರುಗಳು ಫೋರ್ ಸ್ಟ್ರೋಕ್. ಇವುಗಳಲ್ಲಿ ಎಣ್ಣೆ ಇಂಜಿನ್ನಿನ ತಳದಲ್ಲಿ ಬೇರೆಯಾಗಿ ಇರುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು. ಹಳೆಯ ಗಾಡಿಯಿಂದ ಹೊಸದಕ್ಕೆ ಬಂದವರು ಎರಡು ವಿಧವಾಗಿ ತಪ್ಪುವುದುಂಟು. ಕೆಲವರು ರೂಢಿಯಂತೆ ಟ್ಯಾಂಕಿಗೆ ಎಣ್ಣೆ ಸುರಿಯುತ್ತಾರೆ. ಇನ್ನು ಕೆಲವರು, ಬೆರೆಸುವ ಕೆಲಸ ತಪ್ಪಿತೆಂದು ಎಣ್ಣೆಯನ್ನೇ ಮರೆತುಬಿಡುತ್ತಾರೆ. ಎರಡನೆಯ ತಪ್ಪು ಹೆಚ್ಚು ದುಬಾರಿ. ಗಾಡಿಯನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಇಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು, ಅಳತೆಯ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಎರಡು ಗುರುತುಗಳ ನಡುವೆ ಇದೆಯೇ ಎಂದು ನೋಡುವುದು ವಾರಕ್ಕೊಮ್ಮೆಯ ಕೆಲಸ. ಬದಲಿಸಿ ತೆಗೆದ ಕಪ್ಪು ಎಣ್ಣೆಯನ್ನು ಹೊಲದ ಬದುವಿಗೋ ಬಾವಿಯ ಬಳಿಗೋ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಡಬೇಕು.

ಅಂಗಳದಲ್ಲಿ ಆಗುವ ಕೆಲಸ

ಉಪಕರಣಗಳು ಹೆಚ್ಚು ಬೇಕಿಲ್ಲ. ಬೆಳಗಾವಿಯ ಕಡೆ ‘ಪಾನಾ’ ಎಂದೂ ಹೊಸೂರಿನ ಕಡೆ ‘ಸ್ಪ್ಯಾನರ್’ ಎಂದೂ ಕರೆಯುವ ಸಾಧನದ ನಾಲ್ಕಾರು ಅಳತೆಗಳು, ಪ್ಲಗ್ ಬಿಚ್ಚುವ ಕೊಳವೆ, ಸ್ಕ್ರೂಡ್ರೈವರ್, ಟೈರಿನ ಗಾಳಿ ಅಳೆಯುವ ಗೇಜು, ಹಳೆಯ ಬಟ್ಟೆ, ಇಷ್ಟಾದರೆ ಸಾಕು. ಕೆಲಸ ಬಯಲಿನಲ್ಲಿ ನಡೆಯಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲಮಟ್ಟದಲ್ಲಿ ಹರಡಿ ದೂರದ ಒಲೆಯ ಕಿಡಿಗೂ ಹೊತ್ತಿಕೊಳ್ಳಬಲ್ಲದು. ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಿದರೆ ಬಣ್ಣವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗುತ್ತದೆ.

ಇಂಜಿನ್ನಿನ ಆರೋಗ್ಯವನ್ನು ತಿಳಿಸುವ ನಾಡಿಯೆಂದರೆ ಸ್ಪಾರ್ಕ್ ಪ್ಲಗ್. ಇಂಜಿನ್ ತಣಿದ ಮೇಲೆ ಅದನ್ನು ಬಿಚ್ಚಿ ತುದಿಯನ್ನು ನೋಡಬೇಕು. ತಿಳಿ ಕಂದು ಬಣ್ಣವಿದ್ದರೆ ಉರಿಯುವಿಕೆ ಸರಿಯಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ. ಒದ್ದೆಯಾಗಿ ಎಣ್ಣೆಯಂತಿದ್ದರೆ ಟೂ ಸ್ಟ್ರೋಕಿನಲ್ಲಿ ಎಣ್ಣೆಯ ಪ್ರಮಾಣವನ್ನೂ ಫೋರ್ ಸ್ಟ್ರೋಕಿನಲ್ಲಿ ಪಿಸ್ಟನ್ ರಿಂಗುಗಳ ಸವೆತವನ್ನೂ ಶಂಕಿಸಬೇಕು. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆಗಳೆದ್ದಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಪ್ಲಗ್ಗನ್ನು ಮರಳಿ ಕೂರಿಸುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಸಿಲಿಂಡರ್ ಹೆಡ್ ಮೆತ್ತನೆಯ ಅಲ್ಯೂಮಿನಿಯಮ್ಮಿನದು. ಓರೆಯಾಗಿ ಬಲವಂತದಿಂದ ತಿರುಗಿಸಿದರೆ ಮರೆ ಕಿತ್ತುಹೋಗಿ, ಸಣ್ಣ ಕೆಲಸ ದೊಡ್ಡ ಖರ್ಚಾಗುತ್ತದೆ.

ಕಪ್ಪು ಮಸಿಗೆ ಬಹುಮಟ್ಟಿಗೆ ಕಾರಣ ಕೊಳೆಯಾದ ಏರ್ ಫಿಲ್ಟರ್. ಕೆಮ್ಮಣ್ಣಿನ ದಾರಿಗಳಲ್ಲಿ ಓಡುವ ಗಾಡಿಗೆ ಇದು ಬೇಗ ಕಟ್ಟಿಕೊಳ್ಳುತ್ತದೆ. ಸ್ಪಂಜಿನ ಫಿಲ್ಟರಾದರೆ ಸೀಮೆಎಣ್ಣೆಯಲ್ಲಿ ತೊಳೆದು, ತಿರುಚದೆ ಹಿಂಡಿ, ನೆರಳಿನಲ್ಲಿ ಒಣಗಿಸಿ, ಎರಡು ಹನಿ ಎಣ್ಣೆ ಸವರಿ ಹಾಕಬಹುದು. ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ, ಬದಲಿಸಬೇಕು. ಫಿಲ್ಟರ್ ಇಲ್ಲದೆ ಓಡಿಸಿದರೆ ಗಾಡಿ ಚುರುಕಾಗುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಹಾಗೆ ಓಡಿಸಿದಾಗ ಒಳಹೊಕ್ಕ ಧೂಳು ಎಣ್ಣೆಯೊಡನೆ ಕಲೆತು ಅರದಂತೆ ಸಿಲಿಂಡರನ್ನು ಸವೆಸುತ್ತದೆ.

ಚೈನಿನ ಗಾಡಿಯಲ್ಲಿ ಚೈನು ಅತಿ ಬಿಗಿಯಾದರೆ ಬೇರಿಂಗು ಸವೆಯುತ್ತದೆ, ಅತಿ ಸಡಿಲವಾದರೆ ಹಲ್ಲು ತಪ್ಪಿ ಕಳಚುತ್ತದೆ. ಸಡಿಲ ಎಷ್ಟಿರಬೇಕೆಂಬುದನ್ನು ಗಾಡಿಯ ಕೈಪಿಡಿ ಹೇಳುತ್ತದೆ. ಸರಿಪಡಿಸುವಾಗ ಚಕ್ರದ ಎರಡೂ ಬದಿಯ ಗುರುತುಗಳು ಸಮನಾಗಿರಬೇಕು, ಇಲ್ಲವಾದರೆ ಚಕ್ರ ಓರೆಯಾಗಿ ನಿಲ್ಲುತ್ತದೆ. ಬ್ರೇಕಿನ ಹಿಡಿ ಎಷ್ಟು ಸರಿದ ಮೇಲೆ ಹಿಡಿತ ಸಿಗುತ್ತದೆಂಬುದನ್ನು ದಿನವೂ ಗಮನಿಸಬೇಕು. ಅದು ಹೆಚ್ಚುತ್ತ ಬಂದರೆ ಶೂ ಸವೆದಿದೆ ಎಂದರ್ಥ. ಕೇಬಲ್ ಬಿಗಿಮಾಡುವುದು ಒಂದು ಹಂತದವರೆಗೆ ಮಾತ್ರ ಪರಿಹಾರ. ಟೈರಿನ ಗಾಳಿಯನ್ನು ಗಾಡಿ ಓಡುವುದಕ್ಕೆ ಮುಂಚೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಬಳಿಕ ಎಕ್ಸ್ಎಲ್ 100 ಮೊದಲಾದ ಗಾಡಿಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಫ್ಯೂಯೆಲ್ ಇಂಜೆಕ್ಷನ್ ಪಡೆದಿದೆ. ಹಳೆಯ ಕಾರ್ಬುರೇಟರಿನ ಬಟ್ಟಲನ್ನು ಬಿಚ್ಚಿ ಕಸ ತೆಗೆಯುವುದು ಅಂಗಳದ ಕೆಲಸವಾಗಿತ್ತು. ಇಂಜೆಕ್ಷನ್ ವ್ಯವಸ್ಥೆಯನ್ನು ಸೆನ್ಸರುಗಳೂ ಕಂಪ್ಯೂಟರೂ ನಿಯಂತ್ರಿಸುತ್ತವೆ. ಇಲ್ಲಿ ಮನೆಯವರು ಫಿಲ್ಟರ್, ಪ್ಲಗ್, ಬ್ಯಾಟರಿಯ ತುದಿಗಳಿಗೆ ನಿಂತು, ಉಳಿದುದನ್ನು ಬಲ್ಲವರಿಗೆ ಬಿಡುವುದು ವಿವೇಕ.

ಮಾರ್ಪಾಟು ಕೇಳುವ ಬೆಲೆ

ಪಾಲನೆ ಕೈಗೆ ಬಂದವರಲ್ಲಿ ಮಾರ್ಪಾಟಿನ ಆಸೆಯೂ ಹುಟ್ಟುತ್ತದೆ. ಆಗ ನೆನಪಿಡಬೇಕಾದ ಸೂತ್ರ ಒಂದೇ: ಸಣ್ಣ ಇಂಜಿನ್ನಿನಲ್ಲಿ ಒಂದು ಕಡೆ ಪಡೆದುದಕ್ಕೆ ಇನ್ನೊಂದು ಕಡೆ ತೆರಬೇಕು.

ಉದಾಹರಣೆಗೆ, ಇಂಜಿನ್ನಿನ ಸ್ಪ್ರಾಕೆಟ್ಟಿನಲ್ಲಿ 12 ಹಲ್ಲು, ಹಿಂಚಕ್ರದ್ದರಲ್ಲಿ 36 ಹಲ್ಲು ಇವೆಯೆಂದು ಭಾವಿಸೋಣ. ಅನುಪಾತ 3. ಏರು ಹತ್ತಲು ಬಲ ಸಾಲದೆಂದು ಮುಂದಿನದನ್ನು 11 ಹಲ್ಲಿನದಾಗಿ ಬದಲಿಸಿದರೆ ಅನುಪಾತ 3.27 ಆಗುತ್ತದೆ. ಚಕ್ರಕ್ಕೆ ದೊರೆಯುವ ತಿರುಗುಬಲ ಶೇಕಡಾ 9ರಷ್ಟು ಹೆಚ್ಚುತ್ತದೆ. ಆದರೆ ಇಂಜಿನ್ನಿನ ಅದೇ ಸುತ್ತುಗಳಿಗೆ ಗಾಡಿಯ ವೇಗ ಶೇಕಡಾ 8ರಷ್ಟು ಇಳಿಯುತ್ತದೆ. ಹೊಸೂರಿನ ಸಮತಟ್ಟಾದ ರಸ್ತೆಯಲ್ಲಿ ಹಿಂದಿನ ವೇಗದಲ್ಲಿಯೇ ಸಾಗಬೇಕೆಂದರೆ ಇಂಜಿನ್ ಹೆಚ್ಚು ಸುತ್ತಬೇಕು, ಹೆಚ್ಚು ಕಾಯಬೇಕು, ಹೆಚ್ಚು ಪೆಟ್ರೋಲು ಕುಡಿಯಬೇಕು. ಬೆಲ್ಟಿನ ಸ್ಕೂಟರಿನಲ್ಲಿ ಹಗುರವಾದ ರೋಲರುಗಳನ್ನು ಹಾಕಿದಾಗ ಆಗುವುದೂ ಬಹುಪಾಲು ಇದೇ.

ಸೈಲೆನ್ಸರಿನ ಒಳಭಾಗವನ್ನು ಕಿತ್ತುಹಾಕುವುದು ಯುವಕರಲ್ಲಿ ರೂಢಿಯಾಗಿರುವ ಮಾರ್ಪಾಟು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಸೈಲೆನ್ಸರ್ ಸದ್ದಡಗಿಸುವ ಕೊಳವೆ ಮಾತ್ರವಲ್ಲ. ಹೊಗೆಯೊಡನೆ ಹೊರಗೆ ಜಾರುವ ಹೊಸ ಮಿಶ್ರಣವನ್ನು, ಅದರೊಳಗೆ ಮರಳಿ ಬರುವ ಒತ್ತಡದ ಅಲೆ ಸಿಲಿಂಡರಿಗೆ ಹಿಂದಿರುಗಿಸುತ್ತದೆ. ಅದನ್ನು ಕೆಡಿಸಿದಾಗ ಸದ್ದು ಹೆಚ್ಚುತ್ತದೆ, ಶಕ್ತಿ ಕುಗ್ಗುತ್ತದೆ. ಕಿವಿಗೆ ವೇಗವೆಂದು ತೋರುವುದು ಚಕ್ರಕ್ಕೆ ತಲುಪುವುದಿಲ್ಲ.

ಹೆಡ್‌ಲೈಟಿನ ಬಲ್ಬು ಬದಲಿಸುವಲ್ಲಿಯೂ ಲೆಕ್ಕವಿದೆ. 12 ವೋಲ್ಟಿನಲ್ಲಿ 35 ವ್ಯಾಟಿನ ಬಲ್ಬು ಸುಮಾರು 3 ಆಂಪಿಯರ್ ಕರೆಂಟನ್ನು ಎಳೆದರೆ 60 ವ್ಯಾಟಿನದು 5 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾದುದು. ಹೀಗಾಗಿ ಅದು ಸುಮಾರು ಮೂರು ಪಟ್ಟಾಗುತ್ತದೆ. ತಂತಿಯ ಹೊದಿಕೆ ಕರಗಿ, ಕಾಡಂಚಿನ ರಸ್ತೆಯಲ್ಲಿ ಹೆಚ್ಚು ಬೆಳಕು ಬಯಸಿದವನು ಇದ್ದ ಬೆಳಕನ್ನೂ ಕಳೆದುಕೊಂಡಾನು. ಮಸುಕಾದ ಗಾಜನ್ನು ಒರೆಸಿ, ತುಕ್ಕು ಹಿಡಿದ ಸಂಪರ್ಕಗಳನ್ನು ಉಜ್ಜಿ, ದೀಪದ ಕೋನವನ್ನು ಸರಿಪಡಿಸಿದರೆ ಎಷ್ಟೋ ಸಲ ಬೇಕಾದ ಬೆಳಕು ಅಲ್ಲಿಯೇ ದೊರೆಯುತ್ತದೆ.

ಹೊರೆಗಾಗಿ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸುವುದು ಈ ಸೀಮೆಯ ಅಗತ್ಯದಿಂದ ಹುಟ್ಟಿದ ಮಾರ್ಪಾಟು. ಅದನ್ನು ಹಳಿಯುವುದಕ್ಕಿಂತ ಅದರ ತೂಕವನ್ನು ಅರಿಯುವುದು ಲೇಸು. 40 ಲೀಟರ್ ಹಾಲು ಸುಮಾರು 41 ಕಿಲೋ ತೂಗುತ್ತದೆ. ಎರಡು ಕ್ಯಾನಿಗೆ 82 ಕಿಲೋ. 65 ಕಿಲೋ ತೂಕದ ಸವಾರನನ್ನು ಸೇರಿಸಿದರೆ 147 ಕಿಲೋ, ಕ್ಯಾನುಗಳ ಮತ್ತು ಚೌಕಟ್ಟಿನ ತೂಕ ಬೇರೆ. ಈ ಮೊತ್ತವನ್ನು ಕೈಪಿಡಿಯಲ್ಲಿ ಹೇಳಿರುವ ಗರಿಷ್ಠ ಹೊರೆಯೊಡನೆ ಹೋಲಿಸಿ ನೋಡಬೇಕು. ಹೊರೆ ಹಿಂಚಕ್ರದ ಅಚ್ಚಿಗಿಂತ ಹಿಂದಕ್ಕೆ ಚಾಚಿದಷ್ಟೂ ಮುಂಚಕ್ರ ಹಗುರಾಗಿ ಹಿಡಿತ ತಪ್ಪುತ್ತದೆ. ಆದುದರಿಂದ ಹೊರೆ ತಗ್ಗಿನಲ್ಲಿ, ಎರಡು ಚಕ್ರಗಳ ನಡುವೆ, ಎರಡೂ ಬದಿಗೆ ಸಮನಾಗಿ ಇರಬೇಕು. ಹೊರೆ ಹೆಚ್ಚಿದಾಗ ಇಂಜಿನ್ನಿನ ಬಲದ ಕುರಿತು ಎಲ್ಲರೂ ಯೋಚಿಸುತ್ತಾರೆ. ಆದರೆ ಇಳಿಜಾರಿನಲ್ಲಿ ಅಷ್ಟನ್ನೂ ತಡೆದು ನಿಲ್ಲಿಸಬೇಕಾದುದು ಅದೇ ಹಳೆಯ ಬ್ರೇಕ್ ಶೂ.

ಕಾನೂನೂ ಇಲ್ಲಿ ಮಾತನಾಡುತ್ತದೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಉಂಟು. ಸಿಲಿಂಡರನ್ನು ದೊಡ್ಡದು ಮಾಡಿಸಿ ಸಿಸಿ ಹೆಚ್ಚಿಸುವುದು ನೇರವಾಗಿ ಇದರ ವ್ಯಾಪ್ತಿಗೆ ಬರುತ್ತದೆ. ಅಪಘಾತವಾದಾಗ ವಿಮೆಯ ಹಕ್ಕಿಗೂ ಅದರಿಂದ ತೊಡಕುಂಟಾಗಬಹುದು.

ಹಾಗಾದರೆ ಮಾಡಬಹುದಾದ ಮಾರ್ಪಾಟು ಇಲ್ಲವೇ? ಇದೆ. ಹಿಡಿಗೆ ರಬ್ಬರಿನ ಕವಚ, ಆಸನಕ್ಕೆ ಮೆತ್ತೆ, ಹಿಂಬದಿಗೆ ಬೆಳಕು ಮಿನುಗಿಸುವ ಪಟ್ಟಿ, ಕೆಸರು ತಡೆಯುವ ರಬ್ಬರ್ ಹಾಳೆ, ಇಂತಹವು ಇಂಜಿನ್ನಿಗೂ ನೋಂದಣಿಗೂ ತೊಂದರೆ ಕೊಡದೆ ಸವಾರನಿಗೆ ಉಪಕರಿಸುತ್ತವೆ. ಉಳಿದಂತೆ, ಬಲ ಸಾಲದು, ಮೈಲೇಜು ಇಲ್ಲ, ಬೆಳಕು ಮಂದ ಎಂಬ ದೂರುಗಳಿಗೆ ಮಾರ್ಪಾಟನ್ನು ಹುಡುಕುವ ಮುನ್ನ ಪ್ಲಗ್, ಫಿಲ್ಟರ್, ಚೈನು, ಬ್ರೇಕು, ಟೈರುಗಳನ್ನು ಒಮ್ಮೆ ಕ್ರಮವಾಗಿ ನೋಡುವುದು ಒಳ್ಳೆಯದು. ಉಜ್ಜುತ್ತಿರುವ ಬ್ರೇಕನ್ನು ಸಡಿಲಿಸಿ, ಟೈರಿಗೆ ಸರಿಯಾದ ಗಾಳಿ ತುಂಬಿದ ಮೇಲೆ ಅದೇ ಗಾಡಿ ಅದೇ ಏರನ್ನು ಸಲೀಸಾಗಿ ಹತ್ತುವುದನ್ನು ಎಷ್ಟೋ ಮನೆಗಳವರು ಕಂಡಿದ್ದಾರೆ.

ತಿಂಗಳ ಒಂದು ಭಾನುವಾರ ಬೆಳಗ್ಗೆ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ನೋಡಿದ ದಿನಾಂಕ, ಓಡಿದ ಕಿಲೋಮೀಟರ್, ಬದಲಿಸಿದ ಭಾಗ, ಇವನ್ನು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡುವ ಅಭ್ಯಾಸ ಬೆಳೆಯಲಿ. ಮನೆಯ ಹಿರಿಯರಿಗೂ ಕಿರಿಯರಿಗೂ ಅರ್ಥವಾಗುವ ಆ ನಾಲ್ಕು ಸಾಲುಗಳು, ಮುಂದೆ ಗಾಡಿ ಕೈಕೊಡುವ ದಿನ ಮೆಕ್ಯಾನಿಕ್ಕಿಗೂ ದಾರಿ ತೋರುತ್ತವೆ.