ಕ್ಲಬ್ಬಿಗೆ ಆಡಿದರೆ ಕಾಲೇಜು ತಂಡ ಕೈತಪ್ಪುತ್ತದೆಯೇ?

ಗಡಿನಾಡ ಆಟಗಾರರ ಗೊಂದಲ. ಅಡ್ಡಿಯಾಗುವುದು ಆಟವಲ್ಲ, ಓದದೇ ಹಾಕುವ ಸಹಿ

ರಾಯದುರ್ಗ/ಮಡಕಶಿರಾ: ವಾರವಿಡೀ ಆಂಧ್ರದ ಕಾಲೇಜಿನಲ್ಲಿ ಪಾಠ, ಭಾನುವಾರ ಕರ್ನಾಟಕದ ಮೈದಾನದಲ್ಲಿ ಆಟ. ರಾಯದುರ್ಗದ ಹುಡುಗರಿಗೆ ಬಳ್ಳಾರಿ ಹತ್ತಿರ. ಮಡಕಶಿರಾದವರಿಗೆ ಶಿರಾ, ಪಾವಗಡ, ಮಧುಗಿರಿ ಹತ್ತಿರ. ಕಬಡ್ಡಿಯೋ, ವಾಲಿಬಾಲೋ, ಕ್ರಿಕೆಟ್ಟೋ, ಆ ಕಡೆಯ ಕ್ಲಬ್ಬಿಗೆ ಒಬ್ಬ ಆಟಗಾರ ಕಡಿಮೆ ಬಿದ್ದರೆ ಈ ಕಡೆಗೆ ಫೋನ್ ಬರುತ್ತದೆ. ‘ಬಾರಪ್ಪಾ, ಬಸ್ ಚಾರ್ಜ್ ನಾವ್ ಕೊಡ್ತೀವಿ’ ಎಂದರೆ ಸಾಕು, ಬ್ಯಾಗು ಹೆಗಲಿಗೆ!

ಚಿಂತೆ ಶುರುವಾಗುವುದು ವಿಶ್ವವಿದ್ಯಾಲಯ ತಂಡದ ಆಯ್ಕೆ ಹತ್ತಿರ ಬಂದಾಗ. ‘ಕ್ಲಬ್ಬಿಗೆ ಆಡಿದೋರನ್ನ ಯೂನಿವರ್ಸಿಟಿ ಟೀಮಿಗೆ ತಗೊಳ್ಳಲ್ಲವಂತೆ’ ಎಂಬ ಮಾತು ಹರಿದಾಡುತ್ತದೆ. ಕೆಲವರು ಹೆದರಿ ಕ್ಲಬ್ ಬಿಡುತ್ತಾರೆ. ಇನ್ನು ಕೆಲವರು ‘ಏನಾಗುತ್ತೆ ಬಿಡಿ’ ಎಂದು ಕೊಟ್ಟ ಅರ್ಜಿಗೆಲ್ಲ ಸಹಿ ಹಾಕುತ್ತಾರೆ. ಎರಡೂ ತಪ್ಪು.

ಗೆರೆ ಎಳೆದದ್ದು 1953ರಲ್ಲಿ

ಹಿಂದಿನ ಬಳ್ಳಾರಿ ಜಿಲ್ಲೆಯನ್ನು 1953ರ ಅಕ್ಟೋಬರ್ 1ರಂದು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಮಡಕಶಿರಾ ಆಗಲೇ ಅನಂತಪುರ ಜಿಲ್ಲೆಯಲ್ಲಿ ಇದ್ದು, 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಡಿ.ಹಿರೇಹಾಳ್, ಬೊಮ್ಮನಹಾಳ್, ರೊಳ್ಳ, ಅಗಳಿ, ಅಮರಾಪುರದ ಮನೆಗಳಲ್ಲಿ ಕನ್ನಡ ಮಾತು ಇಂದಿಗೂ ಉಂಟು. ನೆಂಟಸ್ತನ, ಸಂತೆ, ಜಾತ್ರೆಗೆ ಅಡ್ಡ ಬಾರದ ಗಡಿ, ಕ್ರೀಡಾ ಸಂಸ್ಥೆಗಳ ಕಾಗದದಲ್ಲಿ ಮಾತ್ರ ಗಟ್ಟಿಯಾಗಿ ನಿಂತಿದೆ.

ನಿಯಮ ಏನನ್ನುತ್ತದೆ?

ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಅದು ಮುಖ್ಯವಾಗಿ ನೋಡುವುದು ಆಟಗಾರ ಪೂರ್ಣಾವಧಿ ವಿದ್ಯಾರ್ಥಿಯೇ, ವಯಸ್ಸು 17ರಿಂದ 25ರ ಒಳಗಿದೆಯೇ ಎಂಬುದನ್ನು. ಒಂದೇ ಶೈಕ್ಷಣಿಕ ವರ್ಷದಲ್ಲಿ ಎರಡು ವಿಶ್ವವಿದ್ಯಾಲಯಗಳ ಪರ ಆಡುವಂತಿಲ್ಲ. ಕ್ಲಬ್ಬಿನಲ್ಲಿ ಆಡಿದ ಮಾತ್ರಕ್ಕೆ ಅರ್ಹತೆ ಹೋಗುವುದಿಲ್ಲ.

ಇದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈಜಿದ ಶ್ರೀಹರಿ ನಟರಾಜ್ ಪಳಗಿದ್ದು ಡಾಲ್ಫಿನ್ ಅಕ್ವಾಟಿಕ್ಸ್ ಕ್ಲಬ್ಬಿನಲ್ಲಿ. 2022ರಲ್ಲಿ ಬೆಂಗಳೂರಿನಲ್ಲೇ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಅವರು ಜೈನ್ ವಿಶ್ವವಿದ್ಯಾಲಯದ ಪರ ನೀರಿಗಿಳಿದರು. ಆ ಕೂಟದ ಪದಕ ಪಟ್ಟಿಯಲ್ಲಿ ಜೈನ್ ಮೊದಲ ಸ್ಥಾನ ಪಡೆಯಿತು. ಕ್ಲಬ್ಬೂ ಇತ್ತು, ಕಾಲೇಜೂ ಇತ್ತು, ಒಂದಕ್ಕೊಂದು ಅಡ್ಡಿಯಾಗಲಿಲ್ಲ.

ಗಡಿಭಾಗದಲ್ಲಿ ಇನ್ನೊಂದು ಗೊಂದಲವಿದೆ. ಅನಂತಪುರದಲ್ಲಿ 1981ರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಬಳ್ಳಾರಿಯಲ್ಲಿ 2010ರ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಅರಸ ಒಬ್ಬನೇ, ವಿಶ್ವವಿದ್ಯಾಲಯ ಎರಡು! ಇಲ್ಲಿ ಪದವಿಗೆ ಸೇರಿ, ಒಂದು ಕೂಟ ಆಡಿ, ಅದೇ ವರ್ಷ ಅಲ್ಲಿಗೆ ವರ್ಗವಾದರೆ ಆ ವರ್ಷದ ಆಟಕ್ಕೆ ಕುತ್ತು.

ಎಡವುವುದು ಇಲ್ಲಿ

ನಿಜವಾದ ತೊಡಕು ಇರುವುದು ರಾಜ್ಯ ಸಂಸ್ಥೆಗಳ ನೋಂದಣಿಯಲ್ಲಿ. ಊರ ಹಬ್ಬದ ಪಂದ್ಯಾವಳಿಗೆ ಆಡುವುದು ಬೇರೆ, ಕ್ಲಬ್ಬಿನ ಮೂಲಕ ರಾಜ್ಯ ಸಂಸ್ಥೆಯ ಲೀಗ್‌ಗೆ ಹೆಸರು ನೋಂದಾಯಿಸುವುದು ಬೇರೆ. ಎರಡನೆಯದಕ್ಕೆ ಸಹಿ ಹಾಕಿದರೆ ಆಟಗಾರ ಆ ರಾಜ್ಯದ ಲೆಕ್ಕಕ್ಕೆ ಸೇರುತ್ತಾನೆ. ಆಮೇಲೆ ಆಂಧ್ರ ತಂಡದ ಆಯ್ಕೆಗೆ ಹೋದರೆ ‘ನಿರಾಕ್ಷೇಪಣಾ ಪತ್ರ ಎಲ್ಲಿ?’ ಎಂಬ ಪ್ರಶ್ನೆ ಏಳುತ್ತದೆ.

ದೊಡ್ಡವರಿಗೂ ಇದು ತಪ್ಪಿಲ್ಲ. ಟೆಸ್ಟ್ ಆಟಗಾರ ಕರುಣ್ ನಾಯರ್ 2023ರಲ್ಲಿ ಕರ್ನಾಟಕದಿಂದ ವಿದರ್ಭಕ್ಕೆ ಹೋಗಿ 2025ರಲ್ಲಿ ಮರಳಿದರು. ಹನುಮ ವಿಹಾರಿ 2025ರಲ್ಲಿ ಆಂಧ್ರ ಬಿಟ್ಟು ತ್ರಿಪುರಾ ಸೇರಿದರು. ಕ್ರಿಕೆಟ್‌ನಲ್ಲಿ ಹೀಗೆ ರಾಜ್ಯ ಬದಲಿಸಲು ಹಳೆಯ ಸಂಸ್ಥೆಯ ಎನ್‌ಒಸಿ ಬೇಕು. ಹೆಸರು ಮಾಡಿದವರಿಗೆ ದಾರಿ ಗೊತ್ತು. ರೊಳ್ಳದ ಹುಡುಗನಿಗೆ ಹೇಳುವವರು ಯಾರು?

ಅಮೆರಿಕದಲ್ಲೂ ಇದೇ ತಕರಾರು

ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಈ ವಿಷಯದಲ್ಲಿ ಬಲು ಬಿಗಿಯಾಗಿತ್ತು. ಕೆನಡಾದ ಮೇಜರ್ ಜೂನಿಯರ್ ಐಸ್ ಹಾಕಿ ಲೀಗ್ ತಂಡಗಳಿಗೆ ಆಡಿದವರನ್ನು ವೃತ್ತಿಪರರೆಂದು ಎಣಿಸಿ ಕಾಲೇಜು ತಂಡಗಳಿಂದ ದಶಕಗಳ ಕಾಲ ದೂರ ಇಟ್ಟಿತ್ತು. 2024ರ ನವೆಂಬರ್‌ನಲ್ಲಿ ನಿಯಮ ಸಡಿಲಿಸಿ, 2025ರ ಆಗಸ್ಟ್ 1ರಿಂದ ಬಾಗಿಲು ತೆರೆಯಿತು. ನಮ್ಮಲ್ಲಿ ಆ ಬಿಗಿ ಇಲ್ಲ. ಆದರೂ ಅಲ್ಲಿನ ಭಯ ಇಲ್ಲಿನ ಹುಡುಗರನ್ನು ಕಾಡುತ್ತಿದೆ.

ಯಾವ ಕಾಗದಕ್ಕೆ ಬೆಲೆ?

ಅರ್ಹತೆ ಉಳಿದರೂ ಅವಕಾಶ ಹೋಗಬಹುದು. ವಿಶ್ವವಿದ್ಯಾಲಯದ ಆಯ್ಕೆಯ ದಿನವೇ ಕ್ಲಬ್ಬಿನ ಫೈನಲ್ ಬಿತ್ತು ಎನ್ನಿ. ಕಪ್ಪು, ನಗದು ಬಹುಮಾನದ ಆಸೆಗೆ ಆ ಕಡೆ ಹೋದರೆ ಒಂದು ವರ್ಷ ಹೋಯಿತು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ದೇಶ ಅಥವಾ ರಾಜ್ಯವನ್ನು ಪ್ರತಿನಿಧಿಸಿದವರಿಗೆ, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಿದವರಿಗೆ, ರಾಷ್ಟ್ರೀಯ ಶಾಲಾ ಕ್ರೀಡೆಯಲ್ಲಿ ರಾಜ್ಯ ತಂಡದಲ್ಲಿದ್ದವರಿಗೆ ಸ್ಥಾನವಿದೆ. ಊರ ಪಂದ್ಯಾವಳಿಯ ಪ್ರಮಾಣಪತ್ರ ಗೋಡೆಗೆ ಅಂದ, ಅರ್ಜಿಗೆ ಬಾರದು.

ಹಾಗೆಂದು ಕ್ಲಬ್ ಬಿಡಬೇಕಿಲ್ಲ. ಕಾಲೇಜು ಕೂಟ ವರ್ಷಕ್ಕೆ ಕೆಲವೇ ದಿನ. ಉಳಿದ ದಿನ ಮೈ ಹುರಿಗೊಳಿಸುವುದು ಕ್ಲಬ್ಬೇ. ರಾಜ್ಯ ತಂಡದ ಕಣ್ಣಿಗೆ ಬೀಳುವ ದಾರಿಯೂ ಅನೇಕ ಆಟಗಳಲ್ಲಿ ಅದೇ.

ಸಹಿಗೆ ಮುನ್ನ ಕೇಳಿ

* ಇದು ಬರೀ ಪಂದ್ಯಾವಳಿಯ ಅರ್ಜಿಯೋ, ರಾಜ್ಯ ಸಂಸ್ಥೆಯ ನೋಂದಣಿಯೋ?
* ನೋಂದಣಿಯಾದರೆ ಎಷ್ಟು ಕಾಲ? ಬಿಡುವಾಗ ಎನ್‌ಒಸಿ ಕೊಡುವವರು ಯಾರು?
* ಕ್ಲಬ್ಬಿನ ಜತೆ ಕೆಲಸವೂ ಬಂದರೆ, ಪೂರ್ಣಾವಧಿ ವಿದ್ಯಾರ್ಥಿ ಎಂಬ ಷರತ್ತಿಗೆ ಧಕ್ಕೆ ಇದೆಯೇ?
* ಹಾಜರಾತಿ ಸಾಲುತ್ತದೆಯೇ?
* ಸಹಿ ಹಾಕಿದ ಅರ್ಜಿಯ ಜೆರಾಕ್ಸ್ ಕೈಯಲ್ಲಿದೆಯೇ?

ಸುತ್ತೋಲೆಗಳು ಬರುವುದು ಇಂಗ್ಲಿಷಿನಲ್ಲಿ, ವಿವರಣೆ ಸಿಗುವುದು ತೆಲುಗಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಎರಡೂ ಅರ್ಧಂಬರ್ಧ. ಆಯ್ಕೆಗೆ ಮೊದಲು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಒಂದು ಗಂಟೆ ಕೂಡಿಸಿ, ಅವರ ಮಾತಿನಲ್ಲೇ ಇಷ್ಟನ್ನು ತಿಳಿಹೇಳಿದರೆ ಎಷ್ಟೋ ಆಟಗಾರರ ವರ್ಷ ಉಳಿಯುತ್ತದೆ. ಎರಡೂ ಕಡೆಯ ಕ್ಲಬ್ಬಿನವರೂ ಬಸ್ ಚಾರ್ಜ್ ಕೊಡುವ ಮೊದಲು ಅರ್ಜಿಯನ್ನು ಓದಿ ಹೇಳಬೇಕಿದೆ.