ಪೀಪಾಯಿಯ ತಳದ ಹರಳು

ಪರದೇಶಕ್ಕೆ ಹೋದವರು ಅಲ್ಲಿಯ ಅರಮನೆ ಗೋಪುರಗಳನ್ನು ನೋಡಿ ಬರುವುದು ವಾಡಿಕೆ. ಆದರೆ ಒಂದು ನಾಡಿನ ನೆಲ, ನೀರು, ಹವೆಗಳ ನಿಜವಾದ ಪರಿಚಯವು ಅಲ್ಲಿಯ ರೈತನ ಮನೆಯಲ್ಲಿ ಆಗುವಷ್ಟು ಬೇರೆಲ್ಲಿಯೂ ಆಗದು. ಕಳೆದ ವರ್ಷ ಜಿನೀವಾ ನಗರಕ್ಕೆ ಹೋಗಿದ್ದ ನಾವು ಬಿಡುವು ದೊರೆತ ಎರಡು ದಿನಗಳಲ್ಲಿ ಗಡಿಯನ್ನು ದಾಟಿ, ಫ್ರಾನ್ಸಿನ ಜುರಾ ಬೆಟ್ಟಗಳ ಮಡಿಲಲ್ಲಿರುವ ಆರ್ಬ್ವಾ ಎಂಬ ಪುಟ್ಟ ಊರಿಗೆ ಹೋದೆವು. ಅದು ಲೂಯಿ ಪಾಶ್ಚರನು ಬೆಳೆದ ಊರು. ಚರ್ಮ ಹದಮಾಡುವ ವೃತ್ತಿಯವನಾದ ಆತನ ತಂದೆ ಇಲ್ಲಿ ನೆಲಸಿದ್ದನು. ಆ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಅದನ್ನು ನೋಡಿಕೊಂಡು, ಊರಂಚಿನ ಒಬ್ಬ ದ್ರಾಕ್ಷಿ ಬೆಳೆಗಾರನ ನೆಲಮಾಳಿಗೆಗೆ ಇಳಿದೆವು.

ಸುತ್ತಲೂ ಇಂಥ ಸಣ್ಣ ವೈನ್ ತಯಾರಕರು ಹಲವರಿದ್ದಾರೆ. ತೋಟ, ಗಾಣ, ಪೀಪಾಯಿ, ಅಂಗಡಿ ಎಲ್ಲವೂ ಒಂದೇ ಮನೆತನದ ಕೈಯಲ್ಲಿರುತ್ತವೆ. ಬಂದವರಿಗೆ ಗಾಜಿನ ಲೋಟದಲ್ಲಿ ಗುಟುಕಿನಷ್ಟು ಸುರಿದುಕೊಡುತ್ತಾರೆ. ರುಚಿ ನೋಡುವುದೆಂದರೆ ಕುಡಿಯುವುದಲ್ಲ. ಮೂಸಿ, ನಾಲಗೆಯ ಮೇಲೆ ಹೊರಳಿಸಿ, ಪಕ್ಕದ ಪಾತ್ರೆಗೆ ಉಗಿದುಬಿಡುವುದು ಅಲ್ಲಿ ಶಿಷ್ಟಾಚಾರವೇ ಆಗಿದೆ. ಅಭ್ಯಾಸವಿಲ್ಲದ ನಮಗೆ ಈ ಶಿಷ್ಟಾಚಾರವು ಬಹಳ ಅನುಕೂಲವಾಯಿತು.

ಮೊದಲು ತೆಳುಗೆಂಪಿನ ವೈನ್, ಆಮೇಲೆ ಬಿಳಿಯದು, ಕೊನೆಗೆ ಆ ಸೀಮೆಯ ಹೆಮ್ಮೆಯಾದ 'ಹಳದಿ ವೈನ್' ಬಂದವು. ಈ ಕೊನೆಯದರ ತಯಾರಿಕೆ ವಿಚಿತ್ರವಾದುದು. ಸಾವಾನ್ಯಾಂ ಎಂಬ ಜಾತಿಯ ದ್ರಾಕ್ಷಿಯ ವೈನನ್ನು ಪೀಪಾಯಿಯಲ್ಲಿ ತುಂಬಿ ಆರು ವರ್ಷಗಳಿಗೂ ಮೇಲ್ಪಟ್ಟು ಇಡುತ್ತಾರೆ. ಮರದ ಮೂಲಕ ದ್ರವವು ಆವಿಯಾಗಿ ಕುಗ್ಗುತ್ತ ಹೋದರೂ ಮೇಲೆ ತುಂಬಿಸುವುದಿಲ್ಲ. ಹಾಲಿನ ಮೇಲೆ ಕೆನೆ ಕಟ್ಟುವಂತೆ ಯೀಸ್ಟಿನ ಪೊರೆಯೊಂದು ಮೇಲ್ಮೈಯನ್ನು ಆವರಿಸಿ, ಗಾಳಿಯಿಂದ ವೈನು ಕೆಡದಂತೆ ಕಾಯುತ್ತದೆ. ಒಂದು ಲೀಟರಿನಲ್ಲಿ ಉಳಿಯುವುದು ಸುಮಾರು 62 ಸೆಂಟಿಲೀಟರ್ ಎಂಬುದು ಅಲ್ಲಿಯ ಲೆಕ್ಕ. ಇದನ್ನು ತುಂಬುವ ಗಿಡ್ಡ ಸೀಸೆಯ ಅಳತೆಯೂ ಅಷ್ಟೇ. ಅದರ ವಾಸನೆ ಅಕ್ರೋಟನ್ನು ನೆನಪಿಗೆ ತಂದಿತು.

ಆದರೆ ನಮ್ಮ ಗಮನವನ್ನು ಸೆಳೆದುದು ಅದಲ್ಲ. ಬಿಳಿಯ ವೈನಿನ ಲೋಟದ ತಳದಲ್ಲಿ ಸಣ್ಣ ಚೂರುಗಳು ಮಿನುಗುತ್ತಿದ್ದವು. ಒಡೆದ ಗಾಜೆಂದು ಹೆದರಿ ಲೋಟವನ್ನು ಹಿಂದಕ್ಕೆ ಚಾಚಿದೆವು. ಬೆಳೆಗಾರನು ನಕ್ಕನು. ಕೆಲವು ಗಿರಾಕಿಗಳು ಇದೇ ದೂರಿನಿಂದ ಸೀಸೆಗಳನ್ನೇ ಹಿಂದಿರುಗಿಸುತ್ತಾರಂತೆ! ಆತನು ಬರಿದಾದ ಪೀಪಾಯಿಯ ಒಳಮೈಯನ್ನು ದೀಪ ಹಿಡಿದು ತೋರಿಸಿದನು. ಅಲ್ಲಿ ಅದೇ ಹರಳು ಹೆಪ್ಪುಗಟ್ಟಿ ಕಲ್ಲಿನಂತೆ ಅಂಟಿಕೊಂಡಿತ್ತು.

ಅದು ಟಾರ್ಟಾರಿಕ್ ಆಮ್ಲದ ಪೊಟ್ಯಾಸಿಯಂ ಲವಣ. ಆಮ್ಲ, ಪೊಟ್ಯಾಸಿಯಂ ಎರಡೂ ದ್ರಾಕ್ಷಿಯಲ್ಲಿಯೇ ಇರುತ್ತವೆ. ರಸವು ಹುದುಗಿ ಆಲ್ಕೊಹಾಲು ಹೆಚ್ಚಿದಂತೆಯೂ ಚಳಿಗಾಲದಲ್ಲಿ ನೆಲಮಾಳಿಗೆ ತಣ್ಣಗಾದಂತೆಯೂ ಈ ಲವಣದ ಕರಗುವಿಕೆ ತಗ್ಗುತ್ತದೆ. ಬಿಸಿನೀರಿನಲ್ಲಿ ಕರಗಿದ ಪಟಿಕವು ತಣಿದಾಗ ಹರಳಾಗುವುದಿಲ್ಲವೆ? ಇದೂ ಹಾಗೆಯೇ. ದೊಡ್ಡ ಕಾರ್ಖಾನೆಗಳವರು ವೈನನ್ನು ಮೊದಲೇ ಶೈತ್ಯಗೊಳಿಸಿ ಹರಳನ್ನು ಬೇರ್ಪಡಿಸುವುದುಂಟು. ನಮ್ಮ ಬೆಳೆಗಾರನು ಹಾಗೆ ಮಾಡಿರಲಿಲ್ಲ.

ನಮಗೆ ನಾಚಿಕೆಯಾಯಿತು. ಈ ಹರಳಿನ ಕಥೆಯನ್ನು ಎಂಟು ವರ್ಷಗಳಿಂದ ಕರಿಹಲಗೆಯ ಮುಂದೆ ನಿಂತು ಹೇಳುತ್ತ ಬಂದವರು ನಾವು; ಹರಳೇ ಎದುರಿಗೆ ಬಂದಾಗ ಅದನ್ನು ಗುರುತಿಸಲಾರದೆ ಹೋದೆವು!

ಆ ಕಥೆ ಹೀಗಿದೆ. ಸಾಮಾನ್ಯ ಬೆಳಕಿನ ಅಲೆಗಳು ಎಲ್ಲ ದಿಕ್ಕುಗಳಲ್ಲಿಯೂ ಕಂಪಿಸುತ್ತವೆ. ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕಿಗೆ ಧ್ರುವೀಕೃತ ಬೆಳಕೆಂದು ಹೆಸರು. ಅದನ್ನು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ದ್ರಾವಣದ ಮೂಲಕ ಹಾಯಿಸಿದರೆ ಆ ಸಮತಲವು ಬಲಕ್ಕೆ ತಿರುಗುತ್ತದೆ. ಆದರೆ ಟಾರ್ಟಾರಿಕ್ ಆಮ್ಲದ ಕಾರ್ಖಾನೆಯೊಂದರಲ್ಲಿ ಇನ್ನೊಂದು ಆಮ್ಲವೂ ದೊರೆತಿತ್ತು. ಅದರ ಘಟಕಗಳೂ ಪ್ರಮಾಣವೂ ಅವೇ. ಆದರೂ ಅದು ಬೆಳಕನ್ನು ಅತ್ತಿತ್ತ ತಿರುಗಿಸದು. ಇದೇಕೆ?

1848ರಲ್ಲಿ, ಪ್ಯಾರಿಸ್ಸಿನಲ್ಲಿ, 25 ವರ್ಷದ ಪಾಶ್ಚರನು ಈ ಎರಡನೆಯ ಆಮ್ಲದ ಸೋಡಿಯಂ-ಅಮೋನಿಯಂ ಲವಣವನ್ನು ಹರಳುಗಟ್ಟಿಸಿದನು. ಸೂಕ್ಷ್ಮವಾಗಿ ನೋಡಲು, ಹರಳುಗಳು ಎರಡು ಬಗೆಯವಾಗಿದ್ದವು. ಕೆಲವಕ್ಕೆ ಒಂದು ಸಣ್ಣ ಮುಖವು ಬಲಗಡೆಗಿದ್ದರೆ, ಉಳಿದವಕ್ಕೆ ಎಡಗಡೆಗೆ: ಎಡಗೈ ಬಲಗೈಗಳಿದ್ದಂತೆ. ಆತನು ಅವನ್ನು ಒಂದೊಂದಾಗಿ ಆರಿಸಿ ಎರಡು ರಾಶಿ ಮಾಡಿ, ಬೇರೆಬೇರೆಯಾಗಿ ಕರಗಿಸಿದನು. ಒಂದು ದ್ರಾವಣವು ಬೆಳಕನ್ನು ಬಲಕ್ಕೂ ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೂ ತಿರುಗಿಸಿತು! ಎರಡೂ ಸಮವಾಗಿ ಕೂಡಿದ್ದರಿಂದ ಮೊದಲು ಏನೂ ಕಾಣಿಸಿರಲಿಲ್ಲ. ಈ ವಿಷಯದಲ್ಲಿ ಹಿರಿಯ ಅಧಿಕಾರಿಯಾಗಿದ್ದ 74 ವರ್ಷದ ಬಿಯೋ, ತನ್ನ ಎದುರಿನಲ್ಲಿಯೇ ಪ್ರಯೋಗವನ್ನು ಮತ್ತೆ ಮಾಡಿಸಿ, ಕಣ್ಣಾರೆ ಕಂಡ ಬಳಿಕವೇ ನಂಬಿದನು. ಅಣುವಿಗೂ ಆಕಾರವುಂಟು, ಎಡಬಲಗಳುಂಟು ಎಂಬ ಅರಿವಿಗೆ ಇದು ಆರಂಭ.

ಅದೃಷ್ಟವೂ ಆತನ ಕಡೆಗಿತ್ತು. ಸುಮಾರು 27 ಡಿಗ್ರಿ ಸೆಂಟಿಗ್ರೇಡಿಗಿಂತ ತಂಪಾಗಿದ್ದರೆ ಮಾತ್ರ ಆ ಹರಳುಗಳು ಹೀಗೆ ಬೇರೆಬೇರೆಯಾಗಿ ಬೆಳೆಯುತ್ತವೆ. ಮಂಗಳೂರಿನ ಬೇಸಿಗೆಯಲ್ಲಿ ಇದೇ ಪ್ರಯೋಗ ಮಾಡಿದ್ದರೆ ಪಾಶ್ಚರನಿಗೆ ಏನೂ ದೊರೆಯುತ್ತಿರಲಿಲ್ಲ.

ಈ ಎಡಬಲಗಳ ಭೇದವನ್ನು ನಮ್ಮ ಮೂಗೂ ಅರಿಯಬಲ್ಲುದು. ಸಬ್ಬಸಿಗೆ ಬೀಜದ ವಾಸನೆಗೂ ಪುದೀನದ ವಾಸನೆಗೂ ಮುಖ್ಯ ಕಾರಣವಾದ ಕಾರ್ವೋನ್ ಎಂಬ ವಸ್ತು ಒಂದೇ. ಒಂದರಲ್ಲಿರುವ ಅಣು ಇನ್ನೊಂದರಲ್ಲಿರುವುದರ ಪ್ರತಿಬಿಂಬ. ಹಾಗಾದರೆ ಆ ನೆಲಮಾಳಿಗೆಯಲ್ಲಿ ಲೋಟವನ್ನು ಮೂಸಿ ನೋಡುವವನು, ತನಗೆ ತಿಳಿಯದೆಯೇ, ಅಣುಗಳ ಆಕಾರವನ್ನು ಪರೀಕ್ಷಿಸುತ್ತಿರುತ್ತಾನೆ.

ಮುಂದೆ 1860ರ ದಶಕದಲ್ಲಿ ವೈನಿನ ರೋಗಗಳನ್ನು ಅಭ್ಯಸಿಸಲು ಪಾಶ್ಚರನು ಆರ್ಬ್ವಾಕ್ಕೇ ಹಿಂದಿರುಗಿದನು. ವೈನನ್ನು 50ರಿಂದ 60 ಡಿಗ್ರಿಗಳಿಗೆ ಕಾಯಿಸಿದರೆ ಅದನ್ನು ಕೆಡಿಸುವ ಜೀವಾಣುಗಳು ನಾಶವಾಗುತ್ತವೆಂದು ತೋರಿಸಿದನು. ಇಂದು ಹಾಲನ್ನು ಪಾಶ್ಚರೀಕರಿಸುವ ವಿಧಾನವು ಹುಟ್ಟಿದುದು ಹೀಗೆ, ವೈನಿನ ಪೀಪಾಯಿಯಿಂದ.

ಹೊರಡುವಾಗ ಬೆಳೆಗಾರನು ಪೀಪಾಯಿಯಿಂದ ಒಂದು ಚಕ್ಕೆಯನ್ನು ಕೆರೆದು ಕಾಗದದಲ್ಲಿ ಕಟ್ಟಿಕೊಟ್ಟನು. ಊರಿಗೆ ಬಂದ ಮೇಲೆ ಅದನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಚೂರನ್ನು ನಾಲಗೆಗೆ ಮುಟ್ಟಿಸಿ, "ಸರ್, ಹುಣಸೆಹಣ್ಣಿನ ಹುಳಿ!" ಎಂದಳು. ಆಕೆ ಹೇಳಿದುದು ಸರಿಯಾಗಿತ್ತು. ನಮ್ಮ ಹುಣಸೆಯ ಹುಳಿಗೆ ಕಾರಣವಾದ ಆಮ್ಲವೂ ಇದೇ ಟಾರ್ಟಾರಿಕ್ ಆಮ್ಲ. ಅದೂ ಬೆಳಕನ್ನು ಬಲಕ್ಕೇ ತಿರುಗಿಸುತ್ತದೆ. ನಾವು ಕಣ್ಣಿನಿಂದ ಗುರುತಿಸಲಾರದೆ ಹೋದುದನ್ನು ಆಕೆ ನಾಲಗೆಯಿಂದ ಗುರುತಿಸಿದ್ದಳು.