ಊರ ಹಂಬಲ, ಮುಳುಗಿದ ಊರು

ಬಾಗಲಕೋಟೆಯ ಹಳೆಯ ಪೇಟೆಗೂ ನವನಗರಕ್ಕೂ ನಡುವೆ ಎತ್ತರದ ನೆಲದಲ್ಲಿ ಹಬ್ಬಿರುವ ವಿದ್ಯಾಗಿರಿಯು, ಹೆಸರಿಗೆ ತಕ್ಕಂತೆ, ವಿದ್ಯಾಸಂಸ್ಥೆಗಳ ಆಶ್ರಯದಲ್ಲಿಯೇ ಬೆಳೆದುಬಂದ ಬಡಾವಣೆ. 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1963ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆದಂದಿನಿಂದ, ಬಾದಾಮಿಯ ಕೆಂಗಲ್ಲ ಗುಡ್ಡಗಳ ಬುಡದ ಹಳ್ಳಿಗಳಿಂದಲೂ ಹುನಗುಂದದ ಎರೆಹೊಲಗಳಿಂದಲೂ ಇಲಕಲ್ಲಿನ ಮಗ್ಗದ ಮನೆಗಳಿಂದಲೂ ಬಂದ ಮಕ್ಕಳು ಇಲ್ಲಿ ಪದವಿ ಪಡೆದು, ಮೊದಲು ಬೆಂಗಳೂರು ಪುಣೆಗಳನ್ನೂ ತರುವಾಯ ಸಮುದ್ರದಾಚೆಯ ದೇಶಗಳನ್ನೂ ಸೇರುತ್ತ ಬಂದಿದ್ದಾರೆ. ಹಾಗೆ ಹೋದವರಲ್ಲಿ ಅನೇಕರಿಗೆ, ಸಂಬಳ ಸೌಕರ್ಯಗಳಿಗೆ ಯಾವ ಕೊರತೆಯೂ ಇಲ್ಲದಿರುವಾಗಲೂ, ರಾತ್ರಿ ನಿದ್ರೆ ಹತ್ತದಿರುವುದು, ಊಟ ರುಚಿಸದಿರುವುದು, ಕೆಲಸದ ನಡುವೆ ಮನಸ್ಸು ಕಾರಣವಿಲ್ಲದೆ ಭಾರವಾಗುವುದು, ದೂರವಾಣಿಯಲ್ಲಿ ತಾಯಿ “ಊಟ ಆತೇನಪಾ?” ಎಂದು ಕೇಳಿದೊಡನೆ ಗಂಟಲು ಕಟ್ಟುವುದು, ಇವೆಲ್ಲ ಉಂಟು. ಇದನ್ನು ಮನಸ್ಸಿನ ದೌರ್ಬಲ್ಯವೆಂದು ತಿಳಿದು ನಾಚಿ ಮುಚ್ಚಿಡುವವರೇ ಹೆಚ್ಚು. ಆದರೆ ಈ ಹಂಬಲಕ್ಕೆ ಮಿದುಳಿನಲ್ಲಿ ನೆಲೆಯಿದೆ, ವೈದ್ಯಶಾಸ್ತ್ರದಲ್ಲಿ ಮುನ್ನೂರು ವರ್ಷಗಳಿಗೆ ಮೀರಿದ ಚರಿತ್ರೆಯಿದೆ. ಬಾಗಲಕೋಟೆಯವರ ವಿಷಯದಲ್ಲಿಯಂತೂ ಅದಕ್ಕೆ ಬೇರೆಲ್ಲಿಯೂ ಸುಲಭವಾಗಿ ಕಾಣಸಿಗದ ಒಂದು ವಿಶೇಷವೂ ಇದೆ.

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ತರುಣ ವೈದ್ಯವಿದ್ಯಾರ್ಥಿಯು, ಪರದೇಶದಲ್ಲಿದ್ದ ತನ್ನ ದೇಶೀಯರು ಊರಿನ ಚಿಂತೆಯಿಂದ ಜ್ವರ ಬಂದು, ಅನ್ನ ಬಿಟ್ಟು, ಕೃಶರಾಗುತ್ತಿದ್ದುದನ್ನು ವರ್ಣಿಸಿ, ಇದೊಂದು ಪ್ರತ್ಯೇಕ ವ್ಯಾಧಿಯೆಂದು ಪ್ರಬಂಧ ಬರೆದು, ಅದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟನು. ತರುವಾಯ ಬಂದ ಪಂಡಿತ ಶಾಯ್ಖ್‌ಸರನು, ಪರ್ವತಗಳ ತೆಳುಗಾಳಿಯಲ್ಲಿ ಬೆಳೆದ ದೇಹದ ಮೇಲೆ ಬಯಲುನಾಡಿನ ಗಾಳಿಯ ಒತ್ತಡ ಅಧಿಕವಾಗುವುದೇ ಇದರ ಕಾರಣವೆಂದು ವಾದಿಸಿದನು. ವಾದ ತಪ್ಪಾದರೂ, ಹಂಬಲಕ್ಕೆ ದೇಹದಲ್ಲಿಯೇ ಕಾರಣವನ್ನು ಹುಡುಕಿದ ಆ ಪ್ರಯತ್ನ ಗೌರವಾರ್ಹವಾದುದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೇನೆಯ ವೈದ್ಯರು ಐದು ಸಾವಿರಕ್ಕೂ ಮಿಕ್ಕಿ ಯೋಧರ ಹೆಸರಿನ ಮುಂದೆ ಇದೇ ವ್ಯಾಧಿಯನ್ನು ದಾಖಲಿಸಿದರು. ಹೋಫರನು ಸೂಚಿಸಿದ ನಿಶ್ಚಿತ ಚಿಕಿತ್ಸೆ ಒಂದೇ: ರೋಗಿಯನ್ನು ಊರಿಗೆ ಕಳುಹಿಸುವುದು.

ಇಂದಿನ ಮನಶ್ಶಾಸ್ತ್ರಜ್ಞರು ಇಲ್ಲಿ ಎರಡು ಭಾವಗಳನ್ನು ಬೇರ್ಪಡಿಸುತ್ತಾರೆ. ಒಂದು, ಮನೆಯನ್ನೂ ಮನೆಯವರನ್ನೂ ಅಗಲಿದುದರಿಂದ ಹುಟ್ಟುವ ಸಂಕಟ, ಇದನ್ನು ಗೃಹವಿರಹವೆನ್ನೋಣ. ತಾಯಿಯ ಮಡಿಲಿನಿಂದ ದೂರವಾದ ಶಿಶುವಿನ ಅಳುವಿಗೂ ಇದಕ್ಕೂ ಮೂಲ ಒಂದೇ. ಮನಸ್ಸಿಗೆ ಕೆಲಸವಿಲ್ಲದ ಹೊತ್ತಿನಲ್ಲಿ ಅದು ಕೆರಳುತ್ತದೆ. ಹೊಸ ಸ್ಥಳದಲ್ಲಿ ಸ್ನೇಹ ಸಂಬಂಧಗಳು ಬೇರೂರಿದಂತೆ ಬಹುಮಂದಿಗೆ ಕ್ರಮೇಣ ಶಮನವಾಗುತ್ತದೆ. ಇನ್ನೊಂದು ಸವಿನೆನಪು. ಇದರಲ್ಲಿ ನೋವಿನ ಎಳೆಯಿದ್ದರೂ ಒಟ್ಟಿನಲ್ಲಿ ಮಾಧುರ್ಯವೇ ಮಿಗಿಲು. ಮೊದಲನೆಯದು ಗಾಯ, ಎರಡನೆಯದು, ಮುಂದೆ ನೋಡುವಂತೆ, ಆ ಗಾಯಕ್ಕೆ ಮನಸ್ಸು ತಾನೇ ತಯಾರಿಸಿಕೊಳ್ಳುವ ಔಷಧ.

ಎರಡನ್ನೂ ಎಬ್ಬಿಸುವುದರಲ್ಲಿ ವಾಸನೆಗೆ ಇರುವ ಶಕ್ತಿ ಮಿಕ್ಕ ಇಂದ್ರಿಯಗಳಿಗಿಲ್ಲ. ಕಣ್ಣು ಕಿವಿಗಳು ತರುವ ವಾರ್ತೆಯು ಮಿದುಳಿನ ನಡುವಣ ಥಲಾಮಸ್ ಎಂಬ ಕೇಂದ್ರವನ್ನು ಹಾದೇ ಮುಂದೆ ಹೋಗಬೇಕು. ಮೂಗಿನ ವಾರ್ತೆಯಾದರೋ ಆ ಸುಂಕದ ಕಟ್ಟೆಯನ್ನು ಮುಟ್ಟದೆ, ಭಾವಾವೇಗಕ್ಕೆ ಸಂಬಂಧಿಸಿದ ಅಮಿಗ್ಡಲವನ್ನೂ ಸ್ಮೃತಿಗೆ ಸಂಬಂಧಿಸಿದ ಹಿಪೊಕ್ಯಾಂಪಸನ್ನೂ ಬಹು ಸಮೀಪದ ದಾರಿಯಿಂದ ಸೇರುತ್ತದೆ. ಮೂಗಿನ ಮೇಲ್ಗಡೆಯ ಪೊರೆಯಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕೆಲಸಮಾಡುತ್ತವೆ. ಇವುಗಳ ಜೀನುಗಳನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮಾತಿನಿಂದ ಎಚ್ಚರಗೊಳ್ಳುವ ನೆನಪುಗಳು ಹೆಚ್ಚಾಗಿ ಹದಿವಯಸ್ಸಿನವುಗಳಾದರೆ, ವಾಸನೆಯಿಂದ ಎಚ್ಚರಗೊಳ್ಳುವವು ಹೆಚ್ಚಾಗಿ ಬದುಕಿನ ಮೊದಲ ಹತ್ತು ವರ್ಷಗಳವು ಎಂದು ಪ್ರಯೋಗಗಳು ತೋರಿಸಿವೆ. ಆದುದರಿಂದಲೇ, ಶಿಕಾಗೋದ ಅಡಿಗೆಮನೆಯಲ್ಲಿ ಹೆಂಚಿನ ಮೇಲಿನ ಜೋಳದ ರೊಟ್ಟಿಯನ್ನು ಒದ್ದೆ ಬಟ್ಟೆಯಿಂದ ಸವರಿದಾಗ ಏಳುವ ಹಬೆಯು, ಬನಶಂಕರಿಯ ಗುಡಿಯ ಮುಂದೆ ಬುಟ್ಟಿಯಿಂದ ರೊಟ್ಟಿ ತೆಗೆದು, ಕೆಂಪು ಚಟ್ನಿ ಹಚ್ಚಿ, ಗಡಿಗೆಯ ಮೊಸರು ಬಡಿಸುವ ಹೆಂಗಸರ ಸಾಲನ್ನೇ ಕಣ್ಣೆದುರು ನಿಲ್ಲಿಸಬಲ್ಲದು. ಅಮೀನಗಡದ ಕರದಂಟಿನ ಪೊಟ್ಟಣವನ್ನು ಬಿಚ್ಚಿದಾಗ ಬರುವ ಬೆಲ್ಲ, ತುಪ್ಪ, ಕೊಬ್ಬರಿಗಳ ಪರಿಮಳವು ಅಜ್ಜಿಯೊಬ್ಬಳನ್ನು ಮರಳಿ ತರಬಲ್ಲದು.

ಮೊದಲ ಮಳೆಗೆ ಎರೆನೆಲದಿಂದೇಳುವ ಕಂಪೂ ಹೀಗೆಯೇ. ಒಣನೆಲದ ಮೇಲೆ ಮಳೆ ಬಿದ್ದಾಗ ಏಳುವ ಈ ವಾಸನೆಯನ್ನು 1964ರಲ್ಲಿ ಆಸ್ಟ್ರೇಲಿಯದ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಶಾಸ್ತ್ರೀಯವಾಗಿ ವಿವರಿಸಿದರು. ಅದರ ಮಣ್ಣಿನ ಗುಣಕ್ಕೆ ಮುಖ್ಯ ಕಾರಣ, ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ನಿರ್ಮಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕ. ನೀರಿನಲ್ಲಿ ಅದು ಲಕ್ಷಕೋಟಿಗೆ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯನ ಮೂಗು ಗುರುತಿಸಬಲ್ಲದು. ಜಿಯೋಸ್ಮಿನ್ ಇಂಗ್ಲೆಂಡಿನ ಮಣ್ಣಿನಲ್ಲಿಯೂ ಉಂಟು. ಆದರೆ ತಿಂಗಳುಗಟ್ಟಲೆ ಬಿಸಿಲಿಗೆ ಬಿರಿದ ನೆಲ ಒಮ್ಮೆಲೇ ತೋಯುವಾಗಿನ ತೀವ್ರತೆ ಅಲ್ಲಿಯ ದಿನನಿತ್ಯದ ತುಂತುರಿನಲ್ಲಿಲ್ಲ.

ವಾಸನೆಯು ಊರಿನ ಬಾಗಿಲನ್ನು ತೆರೆಯುತ್ತದೆ. ಒಳಗೆ ಓಡಾಡಲು ನಕ್ಷೆ ಬೇಕು. ಆ ನಕ್ಷೆಯೂ ಮಿದುಳಿನಲ್ಲಿದೆ. ಪ್ರಾಣಿಯು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಸ್ಪಂದಿಸುವ ಜೀವಕೋಶಗಳನ್ನು 1971ರಲ್ಲಿ ಜಾನ್ ಓಕೀಫ್ ಇಲಿಗಳ ಹಿಪೊಕ್ಯಾಂಪಸಿನಲ್ಲಿ ಕಂಡನು. 2005ರಲ್ಲಿ ನಾರ್ವೆಯ ಮೋಸರ್ ದಂಪತಿಗಳು, ಸ್ಥಳವನ್ನು ಜಾಲರಿಯಂತೆ ಅಳೆಯುವ ಇನ್ನೊಂದು ಬಗೆಯ ಕೋಶಗಳನ್ನು ಅದರ ನೆರೆಯಲ್ಲಿಯೇ ತೋರಿಸಿದರು. ಮೂವರೂ 2014ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಪ್ರಾಣಿಯನ್ನು ಹೊಸ ಆವರಣದಲ್ಲಿ ಬಿಟ್ಟಾಗ ಕೋಶಗಳು ಬೇರೆಯೇ ನಕ್ಷೆಯನ್ನು ರಚಿಸಿಕೊಳ್ಳುತ್ತವೆ; ಹಳೆಯದು ಅಳಿದುಹೋಗುವುದಿಲ್ಲ, ಹಳೆಯ ಆವರಣಕ್ಕೆ ಮರಳಿದೊಡನೆ ಮತ್ತೆ ಎಚ್ಚರಗೊಳ್ಳುತ್ತದೆ.

ಮನುಷ್ಯನಲ್ಲಿ ಬಾಲ್ಯದ ನಕ್ಷೆ ಎಷ್ಟು ದೃಢವಾದುದೆಂಬುದಕ್ಕೆ, 1999ರಲ್ಲಿ ಎಡ್ಮಂಡ್ ಟೆಂಗ್ ಮತ್ತು ಲ್ಯಾರಿ ಸ್ಕ್ವೈರ್ ಪ್ರಕಟಿಸಿದ ಒಬ್ಬ ರೋಗಿಯ ವೃತ್ತಾಂತಕ್ಕಿಂತ ಮಿಗಿಲಾದ ನಿದರ್ಶನ ನನಗೆ ತಿಳಿಯದು. ಕ್ಯಾಲಿಫೋರ್ನಿಯದ ಈ ವೃದ್ಧನ ಹಿಪೊಕ್ಯಾಂಪಸ್ ವ್ಯಾಧಿಯಿಂದ ಹಾಳಾಗಿದ್ದಿತು. ಆ ಬಳಿಕ ತಾನು ವಾಸಿಸಲು ಬಂದ ನೆರೆಹೊರೆಯ ಒಂದು ಬೀದಿಯನ್ನೂ ಕಲಿಯಲು ಅವನಿಂದಾಗಲಿಲ್ಲ. ಆದರೆ ದಶಕಗಳ ಹಿಂದೆ ಬಿಟ್ಟುಬಂದ, ತಾನು ಬೆಳೆದ ಊರಿನ ದಾರಿಗಳನ್ನು ಕೇಳಿದರೆ ತಪ್ಪಿಲ್ಲದೆ ಹೇಳುತ್ತಿದ್ದನು. ಮುಖ್ಯ ರಸ್ತೆ ಮುಚ್ಚಿದೆಯೆಂದು ಭಾವಿಸು ಎಂದರೆ ಸುತ್ತುದಾರಿಯನ್ನೂ ಕಲ್ಪಿಸಿ ತೋರಿಸುತ್ತಿದ್ದನು. ಎಂದೋ ಕಲಿತ ಊರು, ಹೊಸತನ್ನು ಕಲಿಯುವ ಅಂಗವೇ ನಾಶವಾದ ಮೇಲೂ, ಮಿದುಳಿನ ಬೇರೆ ಭಾಗಗಳಲ್ಲಿ ಅಕ್ಷತವಾಗಿ ಉಳಿದಿದ್ದಿತು.

ಇಲ್ಲಿಗೆ ಬಂದಾಗ ನನ್ನ ಮನಸ್ಸು ತಾನಾಗಿ ಬಾಗಲಕೋಟೆಯ ಕಡೆಗೆ ಹರಿಯುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಅಣೆಕಟ್ಟು ಮೇಲೆದ್ದಂತೆ, ಕೃಷ್ಣೆಯ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ಊರಿನ ತಗ್ಗಿನ ಭಾಗಗಳನ್ನು ನುಂಗಿತು. ಸಾವಿರಾರು ಕುಟುಂಬಗಳು, ಓಣಿಯ ಹೆಸರಿನ ಬದಲಿಗೆ ಸೆಕ್ಟರಿನ ಸಂಖ್ಯೆಯಿಂದ ಗುರುತಿಸಲ್ಪಡುವ ನವನಗರಕ್ಕೆ ಸ್ಥಳಾಂತರಗೊಂಡವು. ಬರದ ಸೀಮೆಗೆ ನೀರು ಬಂದುದು ಸಣ್ಣ ಉಪಕಾರವಲ್ಲ, ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅದಕ್ಕೆ ತೆತ್ತ ಬೆಲೆಯಲ್ಲಿ ಲೆಕ್ಕಕ್ಕೆ ಬಾರದ ಒಂದು ಬಾಬು ಉಂಟು. 1963ರಲ್ಲಿ ಮಾರ್ಕ್ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞನು, ಬಾಸ್ಟನ್ ನಗರದ ವೆಸ್ಟ್ ಎಂಡ್ ಬಡಾವಣೆಯನ್ನು ಕೆಡವಿದಾಗ ಒಕ್ಕಲೆದ್ದವರನ್ನು ವಿಚಾರಿಸಿ, ಅನೇಕರ ದುಃಖವು ಆಪ್ತರ ಮರಣದಿಂದಾಗುವ ಶೋಕವನ್ನೇ ಹೋಲುತ್ತಿದ್ದಿತೆಂದು ವರದಿಮಾಡಿದನು. ಊರು ಬಿಡದೆಯೇ, ಊರೇ ತಮ್ಮನ್ನು ಬಿಟ್ಟುಹೋದವರ ಸಂಕಟಕ್ಕೆ ಆಸ್ಟ್ರೇಲಿಯದ ಗ್ಲೆನ್ ಆಲ್ಬ್ರೆಕ್ಟ್, ಕಲ್ಲಿದ್ದಲ ಗಣಿಗಳಿಂದ ಹಾಳಾದ ಹಂಟರ್ ಕಣಿವೆಯ ಜನರನ್ನು ಕಂಡು, ‘ಸೊಲಾಸ್ಟಾಲ್ಜಿಯಾ’ ಎಂಬ ಹೊಸ ಹೆಸರನ್ನೇ ಕೊಡಬೇಕಾಯಿತು.

ಹೀಗಿರಲಾಗಿ, ಡಲ್ಲಾಸಿನಲ್ಲಿಯೋ ದುಬೈಯಲ್ಲಿಯೋ ಇರುವ ಹಳೆಯ ಬಾಗಲಕೋಟೆಯವನ ಅಗಲಿಕೆ ಇಮ್ಮಡಿಯಾದುದು. ಸ್ವಿಟ್ಜರ್ಲೆಂಡಿನ ರೋಗಿಯನ್ನು ಹೋಫರನು ಅವನ ಕಣಿವೆಗೆ ಕಳುಹಿಸಬಹುದಾಗಿತ್ತು. ಇವನನ್ನು ವಿಮಾನ ಹತ್ತಿಸಿ ಕಳುಹಿಸಿದರೂ, ತಲೆಯೊಳಗಿನ ನಕ್ಷೆಯಲ್ಲಿ ಕಾಲು ತಾನಾಗಿ ಹಿಡಿಯುವ ಓಣಿಯು ಅಲ್ಲಿಲ್ಲ. ಹಂಬಲಿಸುವುದು ನೆಲಕ್ಕಾಗಿಯೋ, ಆ ನೆಲದ ಮೇಲೆ ಕಳೆದ ಕಾಲಕ್ಕಾಗಿಯೋ ಎಂಬ ಪ್ರಶ್ನೆ ಮಿಕ್ಕವರಿಗೆ ಮಸುಕಾಗಿಯೇ ಉಳಿಯುತ್ತದೆ. ಇವನಿಗೆ ಮಾತ್ರ ಅದು ಬಿಸಿಲಿನಷ್ಟು ಸ್ಪಷ್ಟ. ಮರಳುವಿಕೆಯ ಚಿಕಿತ್ಸೆ ಇಲ್ಲದ ಕಡೆ ಇನ್ನಾವುದು ನಡೆಯುತ್ತದೆ?

ಇದಕ್ಕೆ ಉತ್ತರ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ ಬಂದಿತು. ಕಾನ್‌ಸ್ಟಂಟೈನ್ ಸೆಡಿಕಿಡೀಸ್, ಟಿಮ್ ವೈಲ್ಡ್‌ಶುಟ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಜನರು ಸವಿನೆನಪಿಗೆ ಮೊರೆಹೋಗುವುದು ಹೆಚ್ಚಾಗಿ ಖಿನ್ನತೆ ಏಕಾಕಿತನಗಳು ಕವಿದಾಗ ಎಂದು ಕಂಡುಬಂದಿತು. ಹಾಗೆ ನೆನೆದ ಬಳಿಕ ಅವರಲ್ಲಿ ತಮ್ಮನ್ನು ಪ್ರೀತಿಸುವವರಿದ್ದಾರೆಂಬ ಭರವಸೆಯೂ ಆತ್ಮಗೌರವವೂ ಏರುತ್ತವೆ ಎಂದೂ ತಿಳಿದುಬಂದಿತು. ಚೀನದಲ್ಲಿ ಹಳ್ಳಿಯಿಂದ ನಗರಕ್ಕೆ ಬಂದ ವಲಸೆಗಾರರ ಮಕ್ಕಳಲ್ಲಿಯೂ ಇದೇ ಗುಣವು ಗೋಚರವಾಯಿತು. ಇನ್ನೊಂದು ಪ್ರಯೋಗದಲ್ಲಿ ಚಳಿಯ ಕೋಣೆಯಲ್ಲಿ ಕುಳಿತವರು ಬೆಚ್ಚಗಿನ ಕೋಣೆಯವರಿಗಿಂತ ಹೆಚ್ಚು ಗತವನ್ನು ನೆನೆದರು. ಅದೇ ಅಧ್ಯಯನಮಾಲೆಯಲ್ಲಿ, ಸವಿನೆನಪಿನಲ್ಲಿ ತೊಡಗಿದವರಿಗೆ ಕೋಣೆ ಇನ್ನಷ್ಟು ಬೆಚ್ಚಗಿರುವಂತೆ ತೋರಿತು. ಇಲಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ, ಎರಡು ಬೇರೆ ನೂಲುಗಳನ್ನು ಒಂದೇ ವಸ್ತ್ರವಾಗಿಸುವಂತೆ, ಸವಿನೆನಪು ಹಿಂದಿನ ಬಾಳನ್ನು ಇಂದಿನದಕ್ಕೆ ಬೆಸೆದು, ಎರಡರಲ್ಲಿಯೂ ಇರುವವನು ತಾನೊಬ್ಬನೇ ಎಂಬ ಅಖಂಡತೆಯನ್ನು ಕಾಪಾಡುತ್ತದೆ.

ಆದರೆ ಔಷಧಕ್ಕೂ ಮಿತಿಯುಂಟು. ಸದಾ ಚಿಂತೆಯಲ್ಲಿ ಮುಳುಗುವ ಸ್ವಭಾವದವರಿಗೆ ಗತಸ್ಮರಣೆಯು ಕಳವಳವನ್ನು ಹೆಚ್ಚಿಸುವುದೂ ಉಂಟು. ಒಬ್ಬನೇ ಕುಳಿತು ಅಲ್ಲಿಯದನ್ನೂ ಇಲ್ಲಿಯದನ್ನೂ ತೂಗುತ್ತಿರುವುದಕ್ಕಿಂತ, ನಾಲ್ವರೊಡನೆ ಹಂಚಿಕೊಂಡ ನೆನಪು ಹಿತಕರವೆಂಬುದು ನನ್ನ ನಂಬಿಕೆ. ಪರದೇಶದ ಕನ್ನಡ ಕೂಟಗಳನ್ನು ಬರಿಯ ಹಬ್ಬದೂಟದ ಸಭೆಗಳೆಂದು ಹಗುರವಾಗಿ ಕಾಣುವುದು ಅದರಿಂದಲೇ ಸರಿಯಲ್ಲ. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ತೀರದಲ್ಲಿ ಬಸವೇಶ್ವರರ ಪ್ರತಿಮೆಯು ಅನಾವರಣಗೊಂಡಿತು. ಹುನಗುಂದದ ಸೀಮೆಯಿಂದ ಹೋಗಿ ಅಲ್ಲಿ ನೆಲಸಿದವನಿಗೆ ಅದು, ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮದ ನೆನಪನ್ನು ನಾಲ್ಕು ಜನರ ನಡುವೆ ನಿಂತು ಹೇಳಿಕೊಳ್ಳುವುದಕ್ಕೆ ಒಂದು ನೆಲೆಯಾಯಿತು.

ವಿದ್ಯಾಗಿರಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಒಂದು ಕಾರ್ಯವನ್ನು ಇಲ್ಲಿ ಸೂಚಿಸುತ್ತೇನೆ. ಮುಳುಗಿದ ಭಾಗಗಳ ಓಣಿ, ಬಾವಿ, ಗುಡಿ, ಮಸೂತಿ, ಕಟ್ಟೆ, ಹೋಳಿಯ ಹಲಗೆ ಮೇಳಗಳು ಸಾಗುತ್ತಿದ್ದ ದಾರಿ, ಇವು ಇನ್ನೂ ಎಷ್ಟೋ ಹಿರಿಯರ ಮಿದುಳಿನಲ್ಲಿ, ಆ ಕ್ಯಾಲಿಫೋರ್ನಿಯದ ವೃದ್ಧನ ಊರಿನಂತೆ, ಅಳಿಯದೆ ಇವೆ. ಅವರೊಡನೆ ಕುಳಿತು, ಕೇಳಿ, ಅಳತೆಗೆ ಹೊಂದಿಸಿ ಒಂದು ನಕ್ಷೆಯನ್ನು ಬರೆಯುವುದು ಈಗಲೂ ಸಾಧ್ಯ. ಮುಂದಿನ ತಲೆಮಾರಿಗೆ ಸಾಧ್ಯವಾಗದು. ಮುಂಗಾರಿನ ನೀರು ಆಲಮಟ್ಟಿಯನ್ನು ತುಂಬುವ ಮೊದಲು, ಮೇ ಜೂನ್ ತಿಂಗಳುಗಳಲ್ಲಿ, ಹಿನ್ನೀರು ಇಳಿದು ನೆಲ ತೋರುತ್ತದೆ. ಪರದೇಶಗಳಲ್ಲಿ ನೆಲಸಿದವರಲ್ಲಿ ಕೆಲವರು ಮಕ್ಕಳ ಶಾಲೆಯ ರಜೆಯಲ್ಲಿ ಊರಿಗೆ ಬರಬಹುದಾದುದೂ ಆ ಹೊತ್ತಿಗೇ.